ಎರಡು ಪೌಂಡಿಗೊಂದು ಪೆನ್ನಿ ಕಡಮೆ

ಹೋದ ತಿಂಗಳು ಇದೇ ಅಂಕಣದಲ್ಲಿ ಚೆನ್ನೆಮಣೆಯ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಹಿರಿಯ ಸೋದರಿಯೊಬ್ಬರು ನನಗೊಂದು ಕಾಗದವನ್ನು ಬರೆದಿರುವರು. ಅವರ ಮನೆಯ ಚೆನ್ನೆಮಣೆಯು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದೆಯಂತೆ. ಮೊಮ್ಮಗನ ಕೈಯಲ್ಲಿರುವುದು ಮೊಬೈಲು. ಅದರಲ್ಲಿ ಅವನಾಡುವ ಆಟವನ್ನು ಮೊದಲು ಬೆಲೆಯೇ ಇಲ್ಲವೆಂದು ಹೇಳಿ ಕೊಟ್ಟವರು, ಆಮೇಲೆ ಒಂದು ಕತ್ತಿಗಿಷ್ಟು, ಒಂದು ಪೋಷಾಕಿಗಿಷ್ಟು, ಸರದಿಗೆ ಕಾಯದೆ ಮುಂದೆ ಹೋಗುವುದಕ್ಕಿಷ್ಟು ಎಂದು ಎಳೆಯುತ್ತ, ಮೂರು ತಿಂಗಳಲ್ಲಿ ಅವನ ತಂದೆಯ ಖಾತೆಯಿಂದ ನಾಲ್ಕು ಸಾವಿರ ರೂಪಾಯಿಗಳನ್ನು ಸೆಳೆದುಬಿಟ್ಟರಂತೆ. ಯಂತ್ರದ ಮೇಲಿನ ಆಟಗಳೆಲ್ಲವೂ ಹೀಗೆಯೇ ಇರತಕ್ಕವೋ, ಅಥವಾ ಅಂಗಡಿಯಲ್ಲಿ ಒಂದೇ ಒಂದು ಸಲ ಬೆಲೆಯನ್ನು ತೆತ್ತು, ಇದು ನನ್ನದೆಂದು ಮನೆಗೆ ತಂದು ಆಡತಕ್ಕ ಆಟವು ಎಂದಾದರೂ ಇದ್ದಿತೋ ಎಂದು ಅವರು ಕೇಳುತ್ತಾರೆ.

ಇದ್ದಿತು. ಅದರ ಬೆಲೆ ಒಂದು ಪೌಂಡು ತೊಂಬತ್ತೊಂಬತ್ತು ಪೆನ್ನಿ. ಎಂದರೆ ಎರಡು ಪೌಂಡಿಗೆ ಒಂದೇ ಒಂದು ಪೆನ್ನಿ ಕಡಮೆ. ನಡೆದುದು ಇಂಗ್ಲೆಂಡಿನಲ್ಲಿ, 1980ರ ದಶಕದ ನಡುವಿನಲ್ಲಿ. ಅಂತಹ ಆಟಗಳು ನೂರಾರು ಬಂದುವು, ಬಹುಪಾಲು ಬಂದ ಹಾಗೆಯೇ ಹೋದುವು. ಅವುಗಳಲ್ಲಿ ಒಂದನ್ನು ಮಾತ್ರ ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ. ಅದರ ಹೆಸರು ‘ಥ್ರಸ್ಟ್’. ನೂಕು ಎಂದು ಆ ಮಾತಿಗೆ ಅರ್ಥ.

ಮೊದಲು ಯಂತ್ರಗಳ ಮಾತು. ಗಣಕಯಂತ್ರವೆಂದರೆ ಒಂದು ಕೊಠಡಿಯನ್ನೇ ತುಂಬುವ ವಸ್ತುವೆಂದು ಜನರು ತಿಳಿದಿದ್ದ ಕಾಲವು ಮುಗಿದು, ಅದನ್ನು ಊಟದ ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಕಾಲವು ಆಗತಾನೇ ಬಂದಿದ್ದಿತು. ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಸಂಸ್ಥೆಯವರು 1981ರಲ್ಲಿ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರವನ್ನು ಹೊರತಂದರು. ಬ್ರಿಟಿಷ್ ಪ್ರಸಾರ ಸಂಸ್ಥೆಯವರು ಸಾಮಾನ್ಯ ಜನರಿಗೆ ಗಣಕವಿದ್ಯೆಯನ್ನು ಕಲಿಸಬೇಕೆಂದು ಕೈಕೊಂಡ ಕಾರ್ಯಕ್ಕಾಗಿ ಹುಟ್ಟಿದ ಯಂತ್ರವಿದು; ಆದುದರಿಂದಲೇ ಶಾಲೆ ಶಾಲೆಗೂ ಹೋಯಿತು. ಅದೇ ಊರಿನ ಸಿಂಕ್ಲೇರ್ ಸಂಸ್ಥೆಯವರು 1982ರಲ್ಲಿ ‘ಝಡ್ ಎಕ್ಸ್ ಸ್ಪೆಕ್ಟ್ರಮ್’ ಎಂಬ ಇನ್ನೂ ಚಿಕ್ಕದಾದ, ರಬ್ಬರಿನ ಗುಂಡಿಗಳ ಯಂತ್ರವನ್ನು 125 ಪೌಂಡಿಗೆ ಮಾರಿದರು. ಅಮೆರಿಕಾದಿಂದ ಕೊಮೊಡೋರ್ 64 ಎಂಬುದೂ ಅದೇ ವರ್ಷ ಬಂದಿತು. ಇವುಗಳಿಗೆ ಬೇರೆ ಪರದೆಯ ಅಗತ್ಯವಿರಲಿಲ್ಲ. ಮನೆಯ ಟೆಲಿವಿಷನ್ನಿನ ಹಿಂಬದಿಗೆ ಒಂದು ತಂತಿಯನ್ನು ಸಿಕ್ಕಿಸಿದರೆ ತೀರಿತು. ಮಗನು ಆಟವಾಡುತ್ತಿದ್ದಷ್ಟು ಹೊತ್ತೂ ತಂದೆಗೆ ವಾರ್ತೆಯಿಲ್ಲ, ತಾಯಿಗೆ ನಾಟಕವಿಲ್ಲ. ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಇದಕ್ಕಾಗಿ ಎದ್ದ ಜಗಳಗಳನ್ನು ಊಹಿಸುವುದು ನಮಗೆ ಕಷ್ಟವಾಗಲಾರದು.

ಆಟವು ಬರುತ್ತಿದ್ದುದು ಹಾಡಿನ ಕ್ಯಾಸೆಟ್ಟಿನಂತಹ ಕ್ಯಾಸೆಟ್ಟಿನಲ್ಲಿಯೇ. ಹಾಡಿಗೆ ಬದಲಾಗಿ ಅದರಲ್ಲಿ ಒಂದು ಬಗೆಯ ಕಿರಿಚಾಟವು ಮುದ್ರಿತವಾಗಿರುತ್ತಿದ್ದಿತು. ಸ್ಪೆಕ್ಟ್ರಮ್ ಯಂತ್ರದಲ್ಲಿ ಸೊನ್ನೆಗೆ ಒಂದು ಗಿಡ್ಡ ಮಿಡಿತ, ಒಂದಕ್ಕೆ ಅದರ ಎರಡರಷ್ಟು ಉದ್ದದ ಮಿಡಿತ. ಲಕ್ಷಗಟ್ಟಲೆ ಮಿಡಿತಗಳನ್ನು ಯಂತ್ರವು ಕೇಳಿ ಕೇಳಿ ಬರೆದುಕೊಳ್ಳಬೇಕು. ನೆನಪಿನ ಕೋಶವು ತುಂಬುವುದಕ್ಕೆ ಐದು ನಿಮಿಷ ಹಿಡಿಯುತ್ತಿದ್ದಿತು. ಅಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ನೀಲಿ ಹಳದಿ ಪಟ್ಟೆಗಳು ಓಡುತ್ತಿರುವುವು. ನಾಲ್ಕೂವರೆ ನಿಮಿಷವಾದ ಮೇಲೆ ಒಂದು ಮಿಡಿತವು ತಪ್ಪಿ ಕೇಳಿಸಿದರೆ ಎಲ್ಲವೂ ವ್ಯರ್ಥ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಆರಂಭಿಸಬೇಕು. ಧ್ವನಿಯ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುವುದು, ಸಣ್ಣ ಸ್ಕ್ರೂಡ್ರೈವರಿನಿಂದ ಟೇಪನ್ನೋದುವ ತಲೆಯ ಓರೆಯನ್ನು ಸರಿಪಡಿಸುವುದು ಇವು ಹತ್ತು ವರ್ಷದ ಹುಡುಗರಿಗೂ ಗೊತ್ತಿದ್ದ ವಿದ್ಯೆಗಳು. ಗುಂಡಿಯನ್ನು ಮುಟ್ಟಿದೊಡನೆ ಆಟವು ಎದುರಿಗೆ ಬಂದು ನಿಲ್ಲದ ಕಾರಣ, ಕುಳಿತವನು ಅಷ್ಟು ಸುಲಭವಾಗಿ ಮತ್ತೊಂದು ಆಟಕ್ಕೆ ಹಾರುತ್ತಿರಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನಪಿನಲ್ಲಿಟ್ಟುಕೊಳ್ಳೋಣ.

ಇಂತಹ ಕ್ಯಾಸೆಟ್ಟುಗಳಿಗೆ ಮೊದಮೊದಲು ಐದಾರು ಪೌಂಡಿನಿಂದ ಹತ್ತು ಪೌಂಡಿನವರೆಗೆ ಬೆಲೆಯಿದ್ದಿತು. ಹುಡುಗರ ಕೈಕಾಸಿಗೆ ಅದು ಎಟುಕುವುದೆ? ಹಬ್ಬಕ್ಕೊಂದು, ಹುಟ್ಟಿದ ದಿನಕ್ಕೊಂದು. ಉಳಿದ ದಿನಗಳಲ್ಲಿ ಸಹಪಾಠಿಯಿಂದ ಎರವಲು ತಂದು, ಜೋಡಿ ಕ್ಯಾಸೆಟ್ಟಿನ ಯಂತ್ರದಲ್ಲಿ ಪ್ರತಿ ಮಾಡಿಕೊಳ್ಳುವುದು. ಕಳ್ಳತನವೆಂದು ಅದನ್ನು ಬಯ್ದವರುಂಟು. ಬಯ್ಗುಳಕ್ಕೆ ಯಾವ ಹುಡುಗನೂ ಕಿವಿಗೊಡಲಿಲ್ಲ. 1983ರಲ್ಲಿ ಮಾಸ್ಟರ್‌ಟ್ರಾನಿಕ್ ಎಂಬ ಸಂಸ್ಥೆಯವರು ಬೇರೊಂದು ದಾರಿಯನ್ನು ಹಿಡಿದರು. ಬೆಲೆಯನ್ನು 1.99 ಪೌಂಡಿಗೆ ಇಳಿಸಿದರು. ಗಣಕದ ಅಂಗಡಿಗಳನ್ನೇ ನಂಬಿ ಕೂಡದೆ, ವೃತ್ತಪತ್ರಿಕೆ ಮಾರುವ ಅಂಗಡಿ, ಪೆಟ್ರೋಲು ಬಂಕು, ಆಟಿಕೆಯ ಅಂಗಡಿ ಹೀಗೆ ಎಲ್ಲೆಂದರಲ್ಲಿ ಕ್ಯಾಸೆಟ್ಟುಗಳನ್ನು ತೂಗುಹಾಕಿಸಿದರು. ಮಿಠಾಯಿ ಕೊಳ್ಳಲು ಹೋದ ಹುಡುಗನು ಆಟವನ್ನು ಕೊಂಡು ಬರುವಂತಾಯಿತು. ಒಂದೊಂದು ಪ್ರತಿಯಿಂದ ಬರುವ ಲಾಭವು ಅತ್ಯಲ್ಪ, ಆಟವನ್ನು ಬರೆದವನಿಗಂತೂ ಪ್ರತಿಯೊಂದಕ್ಕೆ ಕೆಲವೇ ಪೆನ್ನಿಗಳು. ಆದರೆ ಪ್ರತಿಗಳು ಹೋಗುತ್ತಿದ್ದುದು ಸಾವಿರಗಟ್ಟಲೆಯಾಗಿ. ಹಿಂದಿನಿಂದಲೇ ಬ್ರಿಟಿಷ್ ಟೆಲಿಕಾಂ ಎಂಬ ದೊಡ್ಡ ದೂರವಾಣಿ ಸಂಸ್ಥೆಯು 1984ರಲ್ಲಿ ಫೈರ್‌ಬರ್ಡ್ ಎಂಬ ಅಂಗವನ್ನು ತೆರೆದು ಅಗ್ಗದ ಆಟಗಳ ಮಾಲೆಯೊಂದನ್ನು ಹೊರಡಿಸಿತು. ಮಾಸ್ಟರ್‌ಟ್ರಾನಿಕ್ಕಿಗೆ ಆಟಗಳನ್ನು ಬರೆದುಕೊಡುತ್ತಿದ್ದ ಡಾರ್ಲಿಂಗ್ ಮನೆತನದ ಸೋದರರು 1986ರಲ್ಲಿ ಕೋಡ್‌ಮಾಸ್ಟರ್ಸ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ದೂರವಾಣಿಯ ಸಂಸ್ಥೆಯು ಹುಡುಗರಿಗೆ ಆಟವನ್ನು ಮಾರುವುದೆಂದರೆ ನಮ್ಮ ಅಂಚೆಯ ಇಲಾಖೆಯವರು ಬುಗುರಿಯನ್ನು ಮಾರಿದಂತೆ! ಆದರೂ ಅವರ ಮಾಲೆಯಲ್ಲಿಯೇ ನಾನು ಹೇಳಹೊರಟ ಆಟವು ಮನೆಮನೆಗೂ ಹೋದುದು.

ಅಗ್ಗದ ಸರಕೆಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಸಂತೆಯ ಪಾತ್ರೆಯಲ್ಲಿ ತಳವಿಲ್ಲದ್ದೇ ಹೆಚ್ಚು. ಹೊದಿಕೆಯ ಮೇಲೆ ಭರ್ಜರಿಯಾದ ಬಣ್ಣದ ಚಿತ್ರ, ಒಳಗೆ ಎರಡು ಕಡ್ಡಿಗಳ ಜಗಳ. ಎರಡು ಪೌಂಡು ಹೋಯಿತೆಂದು ಹುಡುಗನು ಅತ್ತು ಸುಮ್ಮನಾಗುತ್ತಿದ್ದನು. ಆದರೆ ಹೋದುದು ಎರಡೇ ಪೌಂಡು. ಆ ಕ್ಯಾಸೆಟ್ಟು ರಾತ್ರಿಯಲ್ಲೆದ್ದು ಅವನ ತಂದೆಯ ಜೇಬಿಗೆ ಕೈಹಾಕುತ್ತಿರಲಿಲ್ಲ.

ಥ್ರಸ್ಟ್ ಆಟವನ್ನು ಬರೆದವನು ಜೆರೆಮಿ ಸ್ಮಿತ್ ಎಂಬಾತ. ಅವನು ಅದನ್ನು ರಚಿಸಿದುದು ಬಿ.ಬಿ.ಸಿ. ಮೈಕ್ರೋ ಯಂತ್ರಕ್ಕಾಗಿ, ಸುಪೀರಿಯರ್ ಸಾಫ್ಟ್‌ವೇರ್ ಎಂಬ ಪ್ರಕಾಶಕರು ಅದನ್ನು 1986ರಲ್ಲಿ ಪ್ರಕಟಿಸಿದರು. ಅದೇ ವರ್ಷದಲ್ಲಿ ಫೈರ್‌ಬರ್ಡಿನವರು ಬೇರೆ ಯಂತ್ರಗಳಿಗೆ ಅದನ್ನು ಹೊಂದಿಸಿ 1.99 ಪೌಂಡಿಗೆ ಮಾರಿದರು. ಕೊಮೊಡೋರ್ ಯಂತ್ರದ ಪ್ರತಿಗೆ ರಾಬ್ ಹಬ್ಬರ್ಡ್ ಎಂಬ ಪ್ರಸಿದ್ಧ ವಾದ್ಯರಚನಕಾರನು ಮೂರೇ ಸ್ವರಧಾರೆಗಳುಳ್ಳ ಆ ಯಂತ್ರದ ಧ್ವನಿಚಿಪ್ಪಿನಿಂದ ಪೀಠಿಕೆಯ ಸಂಗೀತವನ್ನು ನುಡಿಸಿದ್ದಾನೆ. ಆಟವನ್ನು ಮರೆತವರೂ ಅದನ್ನು ಇನ್ನೂ ಹುಡುಕಿ ಕೇಳುವುದುಂಟು.

ಕಥೆಯು ಬಹಳ ಸರಳ. ಕಥೆಗಾಗಿ ಯಾರೂ ಅದನ್ನು ಆಡಲಿಲ್ಲ. ನಕ್ಷತ್ರಲೋಕದಲ್ಲೊಂದು ಸಾಮ್ರಾಜ್ಯ, ಅದಕ್ಕೆ ತಿರುಗಿಬಿದ್ದವರ ಒಂದು ಪಂಗಡ. ತಿರುಗಿಬಿದ್ದವರು ಶತ್ರುವಿನ ಯುದ್ಧನೌಕೆಗಳನ್ನು ಹಿಡಿದಿದ್ದಾರೆ. ಆದರೆ ಅವುಗಳನ್ನು ನಡೆಸುವ ಶಕ್ತಿಯ ಗೋಳಗಳು ಬೇರೆ ಬೇರೆ ಗ್ರಹಗಳ ಒಡಲಿನಲ್ಲಿವೆ. ಮೂರು ಗೆರೆಗಳ ತ್ರಿಕೋಣದಂತಹ ಪುಟ್ಟ ನೌಕೆಯೊಂದರಲ್ಲಿ ಇಳಿದುಹೋಗಿ ಗೋಳವನ್ನು ಎತ್ತಿಕೊಂಡು ಆಕಾಶಕ್ಕೆ ಮರಳಿ ಬರಬೇಕು. ಬೆಟ್ಟದ ಮೈಗೆ ಉಣ್ಣೆಯಂತೆ ಅಂಟಿಕೊಂಡಿರುವ ಫಿರಂಗಿಗಳು ಗುಂಡು ಹಾರಿಸುತ್ತಿರುತ್ತವೆ. ನಮ್ಮ ನೌಕೆಗೂ ಗುಂಡುಂಟು, ಒಂದು ಮಾಯಾಕವಚವೂ ಉಂಟು. ಕವಚವನ್ನು ತೊಟ್ಟಷ್ಟು ಹೊತ್ತೂ ಇಂಧನವು ಕರಗುತ್ತ ಹೋಗುವುದು, ನೂಕಿದಾಗಲೂ ಕರಗುವುದು. ನೆಲದ ಮೇಲೆ ಅಲ್ಲಲ್ಲಿ ಇಂಧನದ ಡಬ್ಬಗಳಿವೆ, ಅವುಗಳ ಮೇಲೆ ತೇಲಿ ನಿಂತು ಹೀರಿಕೊಳ್ಳಬೇಕು. ಇಂಧನವು ಮುಗಿದರೆ ಆಟವೂ ಮುಗಿಯಿತು. ಗ್ರಹದಲ್ಲೊಂದು ಶಕ್ತಿಯಂತ್ರವಿದೆ. ಅದಕ್ಕೆ ಗುಂಡು ತಗುಲಿದರೆ ಫಿರಂಗಿಗಳು ಕೆಲಹೊತ್ತು ಮೂಕವಾಗುವುವು. ಹೆಚ್ಚಾಗಿ ತಗುಲಿದರೆ ಗ್ರಹವೇ ಸಿಡಿಯುವ ಎಣಿಕೆಯು ಹತ್ತರಿಂದ ಕೆಳಕ್ಕೆ ಇಳಿಯತೊಡಗುವುದು. ಆ ಎಣಿಕೆಯೊಳಗೆ ಗೋಳದೊಡನೆ ಹೊರಬಿದ್ದರೆ ಹೆಚ್ಚಿನ ಅಂಕ.

ಇಷ್ಟೇ ಆಗಿದ್ದರೆ ಇದನ್ನು ನಾನು ಎತ್ತಿಕೊಳ್ಳುತ್ತಿರಲಿಲ್ಲ. ಇದರ ಜೀವವಿರುವುದು ಭಾರದಲ್ಲಿ.

ಸಾಮಾನ್ಯವಾದ ಆಟಗಳಲ್ಲಿ ಎಡಗುಂಡಿಯನ್ನೊತ್ತಿದರೆ ಬೊಂಬೆಯು ಎಡಕ್ಕೆ ಹೋಗುವುದು, ಬಿಟ್ಟರೆ ನಿಲ್ಲುವುದು. ಇಲ್ಲಿ ಹಾಗಲ್ಲ. ನೌಕೆಯ ಮೂತಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬಹುದು, ಮೂತಿಯಿದ್ದ ಕಡೆಗೆ ನೂಕಬಹುದು. ಬೇರೆ ಯಾವ ಅಧಿಕಾರವೂ ಆಡುವವನಿಗಿಲ್ಲ. ಒಮ್ಮೆ ನೂಕಿದ ನೌಕೆಯು ತಾನಾಗಿ ನಿಲ್ಲದು. ಅದನ್ನು ನಿಲ್ಲಿಸಬೇಕಾದರೆ ಮೂತಿಯನ್ನು ಹಿಂದಕ್ಕೆ ತಿರುಗಿಸಿ ಅಷ್ಟೇ ಬಲದಿಂದ ಎದುರಾಗಿ ನೂಕಬೇಕು. ಅಷ್ಟರಲ್ಲಿ ಗ್ರಹವು ಅದನ್ನು ಕೆಳಕ್ಕೆ ಎಳೆಯುತ್ತಲೇ ಇರುವುದು. ಹೀಗಾಗಿ ಸುಮ್ಮನೆ ಒಂದೆಡೆ ನಿಲ್ಲುವುದೇ ಮೊದಲನೆಯ ಕಷ್ಟ. ಎಂಟನೆಯ ತರಗತಿಯ ಪುಸ್ತಕದಲ್ಲಿ ನ್ಯೂಟನ್ನನ ಮೊದಲನೆಯ ನಿಯಮವನ್ನು ಬಾಯಿಪಾಠ ಮಾಡಿ ಮರೆತ ನಮ್ಮಂತಹವರಿಗೆ ಆ ನಿಯಮವು ಬೆರಳಿನ ತುದಿಗೆ ಅರ್ಥವಾಗುವುದು ಇಲ್ಲಿಯೇ.

ಎರಡನೆಯ ಕಷ್ಟವೇ ನಿಜವಾದ ಕಷ್ಟ. ಗೋಳವನ್ನು ಹಿಡಿದೊಡನೆ ನೌಕೆಗೂ ಗೋಳಕ್ಕೂ ನಡುವೆ ಒಂದು ಬಿಗಿಯಾದ ದಂಡವು ಏರ್ಪಡುತ್ತದೆ. ಗೋಳಕ್ಕೂ ತೂಕವುಂಟು. ಅಲ್ಲಿಂದ ಮುಂದೆ ಎರಡೂ ಸೇರಿ ಒಂದೇ ವಸ್ತು, ಎರಡರ ಭಾರದ ನಡುವಣ ಬಿಂದುವನ್ನು ಸುತ್ತಿ ಅದು ತಿರುಗಬಲ್ಲುದು. ಸ್ವಲ್ಪ ಓರೆಯಾಗಿ ನೂಕಿದರೂ ಸಾಕು, ಗೋಳವು ಲೋಲಕದಂತೆ ಅತ್ತ ತೂಗುವುದು, ತೂಗುತ್ತ ನೌಕೆಯನ್ನು ಇತ್ತ ಎಳೆಯುವುದು. ಅದನ್ನು ತಡೆಯಲು ಇನ್ನೊಮ್ಮೆ ನೂಕಿದರೆ ತೂಗಾಟವು ಇಮ್ಮಡಿಯಾಗಿ ಎರಡೂ ಕೂಡಿ ಬುಗುರಿಯಂತೆ ಗಿರ್ರನೆ ತಿರುಗಿ ಬಂಡೆಗೆ ಬಡಿಯುವುವು. ಗೋಳವು ತಗುಲಿದರೂ ಒಂದೇ, ನೌಕೆಯು ತಗುಲಿದರೂ ಒಂದೇ. ಆಳವಾದ ಬಾವಿಯಿಂದ ತುಂಬಿದ ಕೊಡವನ್ನು ಸೇದಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅವಸರದಿಂದ ಎಳೆದರೆ ಕೊಡವು ತೂಗಿ ಬಾವಿಯ ಕಲ್ಲಿಗೆ ಬಡಿದು ನೆಗ್ಗುವುದು. ಹಗ್ಗವನ್ನು ಬಾವಿಯ ನಡುವಿನಲ್ಲಿ ನೆಟ್ಟಗೆ ಹಿಡಿದು, ಕೊಡದ ತೂಗನ್ನು ಕೈಯೇ ಅರಿತು, ಅದು ನಡುವಿಗೆ ಬಂದಾಗ ಎಳೆದರೆ ನೀರು ತುಳುಕದೆ ಮೇಲೆ ಬರುವುದು. ಈ ಆಟದಲ್ಲಿ ಬಾವಿಯು ನೆಟ್ಟಗಿರದೆ ಡೊಂಕುಡೊಂಕಾಗಿದೆ, ಸೇದುವವನು ಹಗ್ಗದ ತುದಿಯಲ್ಲಿ ತಾನೂ ತೂಗುತ್ತಿದ್ದಾನೆ. ವ್ಯತ್ಯಾಸವಿಷ್ಟೇ.

ಆರು ಗ್ರಹಗಳನ್ನು ಗೆದ್ದ ಮೇಲೆ ರಚನಕಾರನು ಒಂದು ತುಂಟತನವನ್ನು ಮಾಡಿದ್ದಾನೆ. ಅದೇ ಆರು ಗ್ರಹಗಳು ಮತ್ತೆ ಬರುವುವು, ಆದರೆ ಆಕರ್ಷಣವು ತಲೆಕೆಳಗಾಗಿರುತ್ತದೆ; ನೌಕೆಯು ಮೇಲಕ್ಕೆ ಬೀಳತೊಡಗುವುದು. ಅದನ್ನೂ ಗೆದ್ದರೆ ನೆಲವೇ ಕಾಣಿಸದಂತಾಗುವುದು. ಕೊನೆಗೆ ಆಕರ್ಷಣವೂ ತಿರುಗುಮುರುಗು, ನೆಲವೂ ಅದೃಶ್ಯ. ಹೊಸ ಚಿತ್ರಗಳನ್ನು ಬರೆಯದೆ, ನೆನಪಿನ ಕೋಶದಲ್ಲಿ ಹೆಚ್ಚೇನನ್ನೂ ತುಂಬದೆ, ಇದ್ದುದನ್ನೇ ನಾಲ್ಕು ಬಗೆಯಾಗಿ ಬಡಿಸಿದ ಜಾಣತನವಿದು. ಉಳಿದ ಅನ್ನವನ್ನು ಚಿತ್ರಾನ್ನ ಮಾಡಿದ ಗೃಹಿಣಿಯ ಜಾಣತನವೂ ಇದೇ ಜಾತಿಯದು.

ಆ ನೆನಪಿನ ಕೋಶವಾದರೂ ಎಷ್ಟು? ಬಿ.ಬಿ.ಸಿ. ಮೈಕ್ರೋ ಯಂತ್ರದಲ್ಲಿ 32 ಕಿಲೋಬೈಟು. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಚಿತ್ರವು ಅದರ ಹತ್ತಾರು ಪಾಲು ದೊಡ್ಡದು. ಆ ಅಲ್ಪದಲ್ಲಿಯೂ ಪರದೆಯ ಮೇಲೆ ಕಾಣುವ ಚಿತ್ರಕ್ಕೆಂದು ಒಂದು ಪಾಲನ್ನು ತೆಗೆದಿಡಬೇಕು. ಉಳಿದುದರಲ್ಲಿ ಗ್ರಹಗಳು, ಫಿರಂಗಿಗಳು, ಲೆಕ್ಕಾಚಾರ ಎಲ್ಲವೂ. ಯಂತ್ರದ ಮಿದುಳಾದ 6502 ಎಂಬ ಚಿಪ್ಪಿಗೆ ಕೂಡುವುದು ಕಳೆಯುವುದು ಬರುತ್ತಿದ್ದಿತೇ ಹೊರತು ಗುಣಿಸುವ ಆಜ್ಞೆಯೇ ಇರಲಿಲ್ಲ. ಮಗ್ಗಿಯನ್ನೇ ಕಲಿಯದ ಹುಡುಗನಿಂದ ಗ್ರಹಗತಿಯ ಗಣಿತವನ್ನು ಮಾಡಿಸಬೇಕು!

ಇದಕ್ಕೆ ಅಂದಿನವರು ಬಳಸುತ್ತಿದ್ದ ಉಪಾಯವು ನಮ್ಮ ಹಳೆಯ ಶಾನುಭೋಗರಿಗೆ ಮೆಚ್ಚಿಗೆಯಾಗತಕ್ಕದ್ದು. ಬೀಳುವ ವಸ್ತುವಿನ ಗತಿಯನ್ನು ಸೂತ್ರವಿಟ್ಟು ಗುಣಿಸುವುದರ ಬದಲು, ಪ್ರತಿ ಕ್ಷಣಕ್ಕೂ ವೇಗಕ್ಕೆ ಒಂದು ಚೂರನ್ನು ಕೂಡುವುದು. ಆ ವೇಗವನ್ನು ಇದ್ದ ಸ್ಥಾನಕ್ಕೆ ಕೂಡುವುದು. ಮುಂದಿನ ಕ್ಷಣದಲ್ಲಿ ಮತ್ತೆ ಹಾಗೆಯೇ. ಸೆಕೆಂಡಿಗೆ ಹಲವು ಸಲ ಹೀಗೆ ಕೂಡುತ್ತ ಹೋದರೆ ಎಸೆದ ಕಲ್ಲಿನ ಬಾಗಿದ ದಾರಿಯು ತಾನಾಗಿ ಮೂಡಿಬರುವುದು. ಆ ಚೂರು ಪರದೆಯ ಒಂದು ಚುಕ್ಕೆಗಿಂತ ಚಿಕ್ಕದಾಗಿರಬೇಕಲ್ಲ, ಅದಕ್ಕೇನು ಮಾಡುವುದು? ರೂಪಾಯಿ, ಆಣೆ, ಪೈಗಳ ಲೆಕ್ಕವಿದ್ದ ಕಾಲದಲ್ಲಿ ಹನ್ನೆರಡು ಪೈಗಳಾದೊಡನೆ ಆಣೆಯ ಮನೆಗೆ ಒಂದನ್ನು ಏರಿಸುತ್ತಿದ್ದೆವಲ್ಲವೆ? ಹಾಗೆಯೇ ಯಂತ್ರದಲ್ಲಿಯೂ ಚುಕ್ಕೆಗೊಂದು ಮನೆ, ಚುಕ್ಕೆಯ ಚೂರಿಗೊಂದು ಮನೆ. ಚೂರು 256 ಆದೊಡನೆ ಮೇಲಿನ ಮನೆಗೆ ಒಂದು ದಶಕ. ನೌಕೆಯು ಓರೆಯಾಗಿ ನೂಕಿದಾಗ ಎಷ್ಟು ಪಾಲು ಅಡ್ಡಕ್ಕೆ, ಎಷ್ಟು ಪಾಲು ಮೇಲಕ್ಕೆ ಎಂಬುದನ್ನು ಆ ಹೊತ್ತಿಗೆ ಲೆಕ್ಕ ಮಾಡದೆ, ಒಂದೊಂದು ದಿಕ್ಕಿಗೂ ಮೊದಲೇ ಬರೆದಿಟ್ಟ ಕೋಷ್ಟಕದಿಂದ ನೋಡಿ ತೆಗೆದುಕೊಳ್ಳುವುದು. ಪಂಚಾಂಗವಿದ್ದ ಮೇಲೆ ಪ್ರತಿದಿನವೂ ಗ್ರಹಣವನ್ನು ಗುಣಿಸುವವರುಂಟೆ?

ಗುರುತ್ವವನ್ನು ಆಟಕ್ಕೆ ತಂದವರಲ್ಲಿ ಸ್ಮಿತ್ ಮೊದಲಿಗನೇನೂ ಅಲ್ಲ. ಅಮೆರಿಕಾದ ಎಂ.ಐ.ಟಿ. ವಿದ್ಯಾಲಯದಲ್ಲಿ 1962ರಲ್ಲಿ ಬರೆದ ‘ಸ್ಪೇಸ್‌ವಾರ್’ ಎಂಬ ಆಟದಲ್ಲಿಯೇ ಪರದೆಯ ನಡುವಣ ನಕ್ಷತ್ರವು ನೌಕೆಗಳನ್ನು ಎಳೆಯುತ್ತಿದ್ದಿತು. ಅಟಾರಿ ಸಂಸ್ಥೆಯವರ ‘ಲೂನಾರ್ ಲ್ಯಾಂಡರ್’ 1979ರಲ್ಲಿಯೂ ‘ಗ್ರಾವಿಟಾರ್’ 1982ರಲ್ಲಿಯೂ ಬಂದುವು. ಗ್ರಾವಿಟಾರಿನ ಋಣವು ಥ್ರಸ್ಟಿನ ಮೇಲೆ ಎದ್ದು ಕಾಣುತ್ತದೆ. ಆದರೆ ಅವುಗಳನ್ನು ನಾಣ್ಯವನ್ನು ಹಾಕುವ ದೊಡ್ಡ ಪೆಟ್ಟಿಗೆಗಳಲ್ಲಿ ಆಡಬೇಕಾಗಿದ್ದಿತು: ಸತ್ತರೆ ಇನ್ನೊಂದು ನಾಣ್ಯ, ಮತ್ತೆ ಸತ್ತರೆ ಮತ್ತೊಂದು. ನಮ್ಮ ಸೋದರಿಯವರ ಮೊಮ್ಮಗನ ಆಟವು ಹೊಸ ಪಾಪವೆಂದು ತಿಳಿಯಬೇಡಿ, ಆ ಪೆಟ್ಟಿಗೆಯ ಸಂತಾನವೇ ಅದು. ಒಂದೇ ವ್ಯತ್ಯಾಸವೆಂದರೆ, ಪೆಟ್ಟಿಗೆಯ ಮುಂದೆ ನಿಂತ ಹುಡುಗನು ಜೇಬು ಬರಿದಾದೊಡನೆ ಮನೆಗೆ ನಡೆಯಲೇಬೇಕಾಗಿದ್ದಿತು. ನಡುವೆ ಕೆಲವು ವರ್ಷಗಳು ಮಾತ್ರ, ಆಡುವವನು ಎಷ್ಟು ಸಲ ಸತ್ತರೂ ಮಾರಿದವನಿಗೆ ಒಂದು ಕಾಸೂ ಬಾರದಂತಹ ಆಟಗಳು ಮನೆಯೊಳಗಿದ್ದುವು. ಸಾಯಿಸುವುದರಿಂದ ಲಾಭವಿಲ್ಲವಾದುದರಿಂದ, ಸೋಲು ಎಲ್ಲಿ ನ್ಯಾಯವಾದುದೋ ಅಲ್ಲಿ ಮಾತ್ರ ಸೋಲಿಸುವ ಸ್ವಾತಂತ್ರ್ಯವು ರಚನಕಾರನಿಗಿದ್ದಿತು. ಥ್ರಸ್ಟಿನಲ್ಲಿ ನೌಕೆಯು ಒಡೆದಾಗ, ಯಂತ್ರವು ಮೋಸ ಮಾಡಿತೆಂದು ಹೇಳುವುದಕ್ಕೆ ಬಾಯಿಯೇ ಬಾರದು. ತಾನೇ ಓರೆಯಾಗಿ ನೂಕಿದುದು ತನಗೇ ಗೊತ್ತಿರುತ್ತದೆ.

ಆ ದಿನಗಳು ಸತ್ಯಯುಗವಾಗಿದ್ದುವೆಂದಲ್ಲ. ಮಕ್ಕಳು ಗಂಟೆಗಟ್ಟಲೆ ಅದರ ಮುಂದೆಯೇ ಕುಳಿತು ಪಾಠವನ್ನು ಮರೆತುದೂ ಉಂಟು, ಕಣ್ಣು ಕೆಂಪಾದುದೂ ಉಂಟು. ಆಟವನ್ನು ಬರೆದವರಲ್ಲಿ ಹಲವರು ಇನ್ನೂ ಎಳೆಯರು. ಕರಾರಿನ ಅಕ್ಷರಗಳನ್ನು ಸರಿಯಾಗಿ ಓದದೆ ಸಹಿ ಹಾಕಿದವರು ಅವರಲ್ಲಿದ್ದರೆ ಆಶ್ಚರ್ಯವಿಲ್ಲ. ಎರಡು ಪೌಂಡಿನಲ್ಲಿ ಅಂಗಡಿಯವನ ಪಾಲು, ಹಂಚುವವನ ಪಾಲು, ಸರ್ಕಾರದ ತೆರಿಗೆ, ಕ್ಯಾಸೆಟ್ಟಿನ ಖರ್ಚು ಇಷ್ಟೂ ಕಳೆದ ಮೇಲೆ ಉಳಿದ ಪೆನ್ನಿಗಳಿಗಾಗಿ ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟವರ ಶ್ರಮವನ್ನು ನಾವು ಅಗ್ಗವೆಂದು ಕೊಂಡೆವು. ನನಗೆ ಇದು ಸ್ವಲ್ಪ ಚುಚ್ಚುತ್ತದೆ. ಕೊಳ್ಳುವವನಿಗೆ ನ್ಯಾಯವಾದ ಬೆಲೆಯು ಮಾಡಿದವನಿಗೂ ನ್ಯಾಯವಾದುದೇ ಎಂಬ ಪ್ರಶ್ನೆಯು ಸೀರೆಗೂ ಉಂಟು, ತರಕಾರಿಗೂ ಉಂಟು. ಆಟಕ್ಕೆ ಮಾತ್ರ ಇಲ್ಲವೆನ್ನುವುದು ಹೇಗೆ?

ಸ್ಮಿತ್‌ನ ವಿಷಯದಲ್ಲಿ ಹೇಳಬೇಕಾದುದು ಇನ್ನೊಂದಿದೆ. ಅವನು ಪೀಟರ್ ಇರ್ವಿನ್ ಎಂಬಾತನೊಡನೆ ಕೂಡಿ 1988ರಲ್ಲಿ ‘ಎಕ್ಸೈಲ್’ ಎಂಬ ಮತ್ತೊಂದು ಆಟವನ್ನು ರಚಿಸಿದನು. ಅದೂ ಬಿ.ಬಿ.ಸಿ. ಯಂತ್ರಕ್ಕಾಗಿಯೇ. ಗವಿಗಳಿಂದ ತುಂಬಿದ ಒಂದು ಗ್ರಹ, ಅದರಲ್ಲಿರುವ ಪ್ರತಿಯೊಂದು ವಸ್ತುವಿಗೂ ಅದರದರ ತೂಕ, ಜಡತ್ವ. ಕೈಯಲ್ಲಿ ಭಾರವನ್ನು ಹಿಡಿದವನು ಹಾರಲಾರದೆ ತೊನೆಯುತ್ತಾನೆ. ಥ್ರಸ್ಟಿನಲ್ಲಿ ಒಂದು ಗೋಳಕ್ಕೆ ಕೊಟ್ಟ ಭಾರವನ್ನು ಇಲ್ಲಿ ಒಂದು ಲೋಕಕ್ಕೇ ಕೊಟ್ಟಂತಾಯಿತು. ಬಲ್ಲವರು ಇಂದಿಗೂ ಅದನ್ನು ಆ ಯಂತ್ರದ ಶ್ರೇಷ್ಠ ಕೃತಿಗಳಲ್ಲೊಂದೆಂದು ಎಣಿಸುತ್ತಾರೆ. ಅದಾದ ಕೆಲವು ವರ್ಷಗಳಲ್ಲಿ ಸ್ಮಿತ್ ಅಪಘಾತವೊಂದರಲ್ಲಿ ತೀರಿಹೋದನು. ಫೈರ್‌ಬರ್ಡಿನ ಕಥೆಯೂ ಆ ಹೊತ್ತಿಗೆ ಮುಗಿಯುತ್ತ ಬಂದಿದ್ದಿತು. ದೂರವಾಣಿಯ ಸಂಸ್ಥೆಯವರು 1989ರಲ್ಲಿ ಆಟದ ಅಂಗವನ್ನು ಬೇರೊಬ್ಬರಿಗೆ ಮಾರಿ ಕೈತೊಳೆದುಕೊಂಡರು. ಕೃತಿಯು ಮಾತ್ರ ಉಳಿಯಿತು. ಅಟಾರಿ 2600 ಎಂಬ 1977ರ ಹಳೆಯ ಯಂತ್ರವೊಂದುಂಟು, ಅದರ ನೆನಪಿನ ಕೋಶದಲ್ಲಿ ಇರುವುದು 128 ಬೈಟುಗಳು ಮಾತ್ರ. ಅದಕ್ಕೂ ಥ್ರಸ್ಟನ್ನು ಹೊಂದಿಸಿ ಹವ್ಯಾಸಿಯೊಬ್ಬನು 2000ದ ಸುಮಾರಿಗೆ ಆಡಿಸಿ ತೋರಿಸಿದನು. ಹಣಕ್ಕಾಗಿ ಯಾರೂ ಇಂತಹ ಕೆಲಸಕ್ಕೆ ಕೈಹಾಕುವುದಿಲ್ಲ.

ನಮ್ಮ ದೇಶಕ್ಕೂ ಈ ಯಂತ್ರಕ್ಕೂ ಒಂದು ನಂಟುಂಟು. ಶಾಲೆಗಳಲ್ಲಿ ಗಣಕವಿದ್ಯೆಯನ್ನು ಕಲಿಸಬೇಕೆಂದು ಭಾರತ ಸರ್ಕಾರವು 1984ರಲ್ಲಿ ಕೈಕೊಂಡ ‘ಕ್ಲಾಸ್’ ಎಂಬ ಯೋಜನೆಗೆ ಆರಿಸಿಕೊಂಡುದು ಇದೇ ಬಿ.ಬಿ.ಸಿ. ಮೈಕ್ರೋ ಯಂತ್ರವನ್ನು. ಮೊದಲ ಕಂತಿನಲ್ಲಿ 250 ಶಾಲೆಗಳಿಗೆ ಅವು ಹೋದುವು. ಈಗ ನಲವತ್ತರ ಮೇಲೆ ಹತ್ತೋ ಹದಿನೈದೋ ದಾಟಿರುವ ವಾಚಕರಲ್ಲಿ ಕೆಲವರಾದರೂ, ಚಪ್ಪಲಿಯನ್ನು ಹೊರಗೆ ಬಿಟ್ಟು ತಣ್ಣನೆಯ ಕೊಠಡಿಯೊಳಕ್ಕೆ ಸಾಲಾಗಿ ಹೋಗಿ, ಒಂದು ಯಂತ್ರದ ಸುತ್ತ ಐದಾರು ಮಂದಿ ಕುಳಿತು, ಅದರ ಕೆಂಪು ಗುಂಡಿಗಳನ್ನು ಹೆದರುತ್ತ ಮುಟ್ಟಿದುದನ್ನು ಮರೆತಿರಲಾರರು.

ಇನ್ನು ಕಾಗದ ಬರೆದ ಸೋದರಿಯವರಿಗೆ. ಹಳೆಯ ಯಂತ್ರಗಳನ್ನು ಅನುಕರಿಸುವ ತಂತ್ರಾಂಶಗಳು ಇಂದು ಸಾಧಾರಣ ಗಣಕಯಂತ್ರದಲ್ಲಿಯೂ ನಡೆಯುತ್ತವೆ. ನಿಮ್ಮ ಮಗನಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಹೊಂದಿಸಿಕೊಡಬಲ್ಲನು. ಮೊಮ್ಮಗನು ಮೊದಲು ಮೂಗು ಮುರಿಯುವನು. ಬಣ್ಣವಿಲ್ಲ, ಬೊಂಬೆಯಿಲ್ಲ, ಕೆಲವು ಗೆರೆಗಳು ಮಾತ್ರವೆಂದು ಹೇಳುವನು. ಒತ್ತಾಯ ಮಾಡಬೇಡಿರಿ. ನೀವೇ ಕುಳಿತು ಆಡಿರಿ, ಅವನು ಹಿಂದೆ ಬಂದು ನಿಲ್ಲುವನು.

ಆಡುವಾಗ ಎರಡು ಮಾತುಗಳನ್ನು ನೆನಪಿಡಿರಿ. ನೂಕುವ ಗುಂಡಿಯನ್ನು ಒತ್ತಿಹಿಡಿಯಬಾರದು. ಒಗ್ಗರಣೆಗೆ ಎಣ್ಣೆ ಬಿಡುವಂತೆ ಚೂರುಚೂರಾಗಿ ಒತ್ತಿ ಬಿಡಬೇಕು. ಗೋಳವನ್ನು ಹಿಡಿಯುವಾಗ ನೌಕೆಯು ಅದರ ನೆತ್ತಿಗೆ ನೇರವಾಗಿ ಬಂದಿರಬೇಕು, ಆಗ ಎತ್ತಿದರೆ ತೂಗಾಟವು ಕಡಮೆ. ಶಕ್ತಿಯಂತ್ರದ ಗೊಡವೆಗೆ ಮೊದಲ ದಿನವೇ ಹೋಗಬೇಡಿರಿ. ಮೊದಲ ಹತ್ತು ಸಲ ನೌಕೆಯು ಒಡೆಯುವುದು ಖಂಡಿತ, ಅದಕ್ಕಾಗಿ ಯಾರೂ ನಿಮ್ಮನ್ನು ಹಣ ಕೇಳುವುದಿಲ್ಲ. ನೀವು ಕಾಗದದಲ್ಲಿ ಬರೆದಂತೆ ಹದಿನೆಂಟು ವರ್ಷ ಸೇದುವ ಬಾವಿಯ ನೀರನ್ನು ಸೇದಿದವರಾದರೆ, ಹನ್ನೊಂದನೆಯ ಸಲಕ್ಕೆ ಕೊಡವು ಮೇಲೆ ಬಂದೀತು. ಬಂದರೆ ಮೊಮ್ಮಗನು ಏನೆಂದನೆಂಬುದನ್ನು ನನಗೆ ತಿಳಿಸಿರಿ.